ಪ್ರಾಸ್ಟೇಟ್ ಚಿಕಿತ್ಸೆಯಾದರೂ ರಾತ್ರಿ ಏಳುವುದು ತಪ್ಪಲಿಲ್ಲವೇ?

ಪ್ರಶ್ನೆ: ನನಗೆ 68 ವರ್ಷ. ಪ್ರಾಸ್ಟೇಟ್ ದೊಡ್ಡದಾಗಿದೆಯೆಂದು ಎರಡು ವರ್ಷ ಮಾತ್ರೆ ನುಂಗಿದೆ. ಕಳೆದ ವರ್ಷ ದುರ್ಬೀನು ಆಪರೇಷನ್ ಕೂಡ ಆಯಿತು. ಈಗ ಮೂತ್ರ ತಿಣುಕದೆ ಸರಾಗವಾಗಿ ಹೋಗುತ್ತದೆ. ಆದರೂ ರಾತ್ರಿ ಮೂರು ನಾಲ್ಕು ಸಲ ಏಳಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಸಂಜೆ ಹೊತ್ತಿಗೆ ಕಾಲು ಊದುತ್ತದೆ. ಮತ್ತೆ ಆಪರೇಷನ್ ಬೇಕಾಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಧೈರ್ಯವಾಗಿರಿ. ಮೂತ್ರ ಸರಾಗವಾಗಿ ಹೋಗುತ್ತಿದೆ ಎಂದರೆ ಆಪರೇಷನ್ ತನ್ನ ಕೆಲಸ ಮಾಡಿದೆ ಎಂದೇ ತೋರುತ್ತದೆ. ಪ್ರಾಸ್ಟೇಟ್ ಚಿಕಿತ್ಸೆಯ ನಂತರ ಎಲ್ಲಕ್ಕಿಂತ ಕಡಿಮೆ ಸುಧಾರಿಸುವ ತೊಂದರೆಯೇ ಈ ರಾತ್ರಿಯ ಮೂತ್ರ. ಅದಕ್ಕೆ ಕಾರಣ ಬಹಳ ಸಲ ಪ್ರಾಸ್ಟೇಟ್‌ನಲ್ಲಿ ಇರುವುದೇ ಇಲ್ಲ.

ವಯಸ್ಸಾದಂತೆ ದೇಹ ರಾತ್ರಿ ಹೆಚ್ಚು ಮೂತ್ರ ತಯಾರಿಸತೊಡಗುತ್ತದೆ. ನೀವು ಬರೆದಿರುವ ಕಾಲೂತ ಮುಖ್ಯ ಸುಳಿವು. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ, ಮೂತ್ರಪಿಂಡದ ಮೂಲಕ ಹೊರಬರುತ್ತದೆ. ಆಮ್ಲೋಡಿಪಿನ್‌ನಂಥ ಬಿಪಿ ಮಾತ್ರೆಯಿಂದಲೂ ಕಾಲು ಊದಬಹುದು. ಹೃದಯದ ದೌರ್ಬಲ್ಯ, ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಕೂಡ ರಾತ್ರಿಯ ಮೂತ್ರ ಹೆಚ್ಚಿಸುತ್ತವೆ. ಇನ್ನು ಕೆಲವರಲ್ಲಿ ಅಡ್ಡಿ ನಿವಾರಣೆಯಾದರೂ ಮೂತ್ರಕೋಶದ ಅತಿಚುರುಕು ಹಾಗೇ ಉಳಿದಿರುತ್ತದೆ.

ಯಾವ ಕಾರಣವೆಂದು ತಿಳಿಯಲು ಒಂದು ಅಳತೆ ಪಾತ್ರೆ, ಒಂದು ನೋಟ್‌ಬುಕ್ ಸಾಕು. ಮೂರು ದಿನ ಪ್ರತಿ ಸಲದ ಮೂತ್ರದ ಪ್ರಮಾಣ ಮತ್ತು ಸಮಯ ಬರೆದಿಡಿ. ಮಲಗುವ ಮುನ್ನ ಹೋದದ್ದು ಹಗಲಿನ ಲೆಕ್ಕಕ್ಕೆ, ಬೆಳಗ್ಗೆ ಎದ್ದೊಡನೆ ಹೋದದ್ದು ರಾತ್ರಿಯ ಲೆಕ್ಕಕ್ಕೆ. ದಿನಕ್ಕೆ ಒಟ್ಟು 1,500 ಮಿ.ಲೀ. ಇದ್ದು, ರಾತ್ರಿಯದೇ 500 ದಾಟಿದರೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾದರೆ, ರಾತ್ರಿ ಮೂತ್ರ ತಯಾರಿಯೇ ಜಾಸ್ತಿ ಎಂದರ್ಥ. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಆಗುತ್ತಿದ್ದರೆ ಮೂತ್ರಕೋಶವನ್ನು ಪರೀಕ್ಷಿಸಬೇಕು.

ಈಗಿನಿಂದಲೇ ಮಾಡಬಹುದಾದದ್ದು: ನೀರನ್ನು ಹಗಲಲ್ಲೇ ಸಾಕಷ್ಟು ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ. ಸಂಜೆಯ ಕಾಫಿ, ಟೀ, ಮದ್ಯ ಬೇಡ. ಊಟದಲ್ಲಿ ಉಪ್ಪು ತಗ್ಗಿಸಿ. ಮಧ್ಯಾಹ್ನದ ನಂತರ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿ. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದರ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಡೆಸ್ಮೋಪ್ರೆಸಿನ್ ಎಂಬ ಔಷಧ ರಾತ್ರಿಯ ಮೂತ್ರ ಕಡಿಮೆ ಮಾಡುತ್ತದೆ ನಿಜ, ಆದರೆ ನಿಮ್ಮ ವಯಸ್ಸಿನಲ್ಲಿ ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯಬಹುದು. ರಕ್ತಪರೀಕ್ಷೆಯ ನಿಗಾ ಇಲ್ಲದೆ ಅದನ್ನು ಮುಟ್ಟಬೇಡಿ.

ರಾತ್ರಿ ಥಟ್ಟನೆ ಏಳಬೇಡಿ. ಹಾಸಿಗೆಯ ಅಂಚಿನಲ್ಲಿ ಕುಳಿತು ನಿಧಾನವಾಗಿ ನಿಲ್ಲಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಕಷ್ಟ ದೊಡ್ಡದು.

ಮೂತ್ರದಲ್ಲಿ ರಕ್ತ, ಜ್ವರ, ಮೂತ್ರ ಕಟ್ಟುವುದು, ಮಲಗಿದರೆ ಏದುಸಿರು – ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಮೂರು ದಿನದ ಲೆಕ್ಕ ಮತ್ತು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರನ್ನು ಕಾಣಿ. ಅದನ್ನು ಅವರು ನೋಡುವ ತನಕ ಇನ್ನೊಂದು ಆಪರೇಷನ್ನಿನ ಮಾತೇ ಬೇಡ.