ಮೊದಲು ಬೆಸುಗೆ ಹುಡುಕಿ

ಓಸ್ಲೋಗೆ ಬಂದ ಹೊಸದರಲ್ಲಿ ನನ್ನನ್ನು ಕಾಡಿದ್ದು ಚಳಿಗಿಂತ ಹೆಚ್ಚಾಗಿ ಬೋರ್ಡುಗಳ ಮೇಲಿನ ಉದ್ದುದ್ದ ಪದಗಳು. ಕನ್ನಡಿಗರಾದ ನಾವು ಅಕ್ಷರ ಅಕ್ಷರವಾಗಿ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಟ್ಟು ಓದುವವರು. ನಾರ್ವೇಜಿಯನ್ ಸಮಾಸಪದವನ್ನು ಹಾಗೆ ಓದಿದರೆ ಎದುರಿನವರು ಮುಖ ನೋಡುತ್ತಾರೆ.

ನಗರದ ನಡುವಿನ ಮೆಟ್ರೋ ನಿಲ್ದಾಣ ‘ಯ್ಯಾಣ್‌ಬಾನೆತೊರ್ಗೆ’ಯನ್ನೇ ನೋಡಿ. ಬರಹದಲ್ಲಿ ಕೊನೆಗೊಂದು ತ್ ಇದೆ, ಬಾಯಲ್ಲಿ ಇಲ್ಲ. ಯ್ಯಾಣ್ ಎಂದರೆ ಕಬ್ಬಿಣ, ಬಾನೆ ಎಂದರೆ ಹಾದಿ, ತೊರ್ಗ್ ಎಂದರೆ ಚೌಕ. ಮುಖ್ಯ ಒತ್ತು ಯ್ಯಾಣ್ ಮೇಲೆ. ಹಾಗಂತ ಉಳಿದದ್ದನ್ನು ನುಂಗುವಂತಿಲ್ಲ. ‘ಬಾ’ ದೀರ್ಘವಾಗಿಯೇ ಇರಬೇಕು, ಒತ್ತು ಮಾತ್ರ ಒಂದು ಮೆಟ್ಟಿಲು ಇಳಿಯುತ್ತದೆ. (ಆ ‘ಣ್’ ನಮಗೆ ಪುಕ್ಕಟೆ. ಓಸ್ಲೋ ಕಡೆ ರ-ನ ಕೂಡಿದರೆ ಣ, ರ-ತ ಕೂಡಿದರೆ ಟ. ಬೆರ್ಗೆನ್ ನಗರದಲ್ಲಿ ಈ ಅನುಕೂಲವಿಲ್ಲ.)

ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೇ ಎನ್ನುವವರಿದ್ದಾರೆ. ಅದು ಅರ್ಧ ನಿಜ. ಪೊಲೀಸ್ ಠಾಣೆಗೆ ‘ಪುಲಿತೀಸ್ತಶೂನ್’ ಎನ್ನುತ್ತಾರೆ. ಪುಲಿತೀ ಎಂದರೆ ಪೊಲೀಸ್, ಸ್ತಶೂನ್ ಎಂದರೆ ಠಾಣೆ. ‘ಪುಲಿತೀ’ ಒಂಟಿಯಾಗಿದ್ದಾಗ ಒತ್ತು ‘ತೀ’ ಮೇಲೆ; ಸಮಾಸದಲ್ಲೂ ಅಲ್ಲೇ. ಅಂದರೆ ಮೊದಲ ತುಂಡಿನ ಸ್ವಂತ ಒತ್ತೇ ಇಡೀ ಪದದ ಮುಖ್ಯ ಒತ್ತು. ತುಂಡುಗಳು ಕೂಡುವ ಬೆಸುಗೆ ಕಾಣದೆ ‘ಪುಲಿತಿಸ್-ತಶೂನ್’ ಎಂದು ಒಡೆದಿರೋ, ದೀರ್ಘವೂ ಹೋಯಿತು, ಒತ್ತೂ ಹೋಯಿತು.

ಬರಹದಲ್ಲೂ ಈ ಬೆಸುಗೆಯದೇ ಕಾರುಬಾರು. ಬೆರ್ಗೆನ್‌ಗೆ ಹೋಗುವ ರಾತ್ರಿ ರೈಲು ‘ನತ್ತೋಗ್’. ರಾತ್ರಿ ಎಂಬ ‘ನತ್ತ್’ನಲ್ಲಿ ಎರಡು ತ, ರೈಲು ಎಂಬ ‘ತೋಗ್’ನಲ್ಲಿ ಒಂದು, ಕೂಡಿದರೆ ಮೂರು. ಒಂದೇ ವ್ಯಂಜನವನ್ನು ಮೂರು ಸಲ ಬರೆಯುವ ಪದ್ಧತಿ ಅವರಲ್ಲಿಲ್ಲ, ಎರಡಕ್ಕೇ ನಿಲ್ಲಿಸುತ್ತಾರೆ. ಆದರೆ ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾಗಿ ಬಂದರೆ ಬಿಟ್ಟುಹೋದ ತ ತಿರುಗಿ ಬರುತ್ತದೆ: ‘ನತ್ತ್-ತೋಗ್’. ನಮ್ಮ ಲೋಪಸಂಧಿಯನ್ನು ಬಿಡಿಸಿ ಬರೆದಂತೆಯೇ ಇದು. ತುಂಡುಗಳ ನಡುವೆ ಅಂಟಿಗೆಂದು ಬರುವ ‘ಸ್’ ಮಾತ್ರ ಯಾವಾಗಲೂ ಹಿಂದಿನ ತುಂಡಿನ ಪಾಲು: ಕೆಲಸದ ಜಾಗ ‘ಅರ್ಬೈದ್ಸ್-ಪ್ಲಸ್’.

ಹೊಸದಾಗಿ ಕಲಿಯುವವರಿಗೆ ಒಂದು ಮಾತು. ಇಂಥ ಸಮಾಸಗಳನ್ನು ಅಲ್ಲಿನವರು ದಿನವೂ ಹೊಸದಾಗಿ ಕಟ್ಟುತ್ತಾರೆ. ಎಲ್ಲವೂ ನಿಘಂಟಿನಲ್ಲಿ ಇರುವುದಿಲ್ಲ. ಪದ ಸಿಗಲಿಲ್ಲವೆಂದು ಪುಸ್ತಕ ಮುಚ್ಚಬೇಡಿ. ಬೆಸುಗೆ ಬಿಡಿಸಿ, ತುಂಡುಗಳನ್ನು ಬೇರೆಬೇರೆಯಾಗಿ ಹುಡುಕಿ. ಮೊದಲ ತುಂಡಿನ ಒತ್ತು ಎಲ್ಲಿದೆ ಎಂದು ಕೇಳಿ ತಿಳಿದುಕೊಂಡ ಮೇಲೆ ಇಡೀ ಪದವನ್ನು ಬಾಯಿಬಿಟ್ಟು ಹೇಳಿ.