ಮಾಗಿಯ ಚಳಿಯೂ ಪರದೇಶದ ಸಸಿಗಳೂ

ನಮ್ಮ ಸೀಮೆಯ ಬಿಸಿಲಿನ ಖ್ಯಾತಿಯನ್ನು ನಾಡೆಲ್ಲ ಬಲ್ಲದು. ಚೈತ್ರ ವೈಶಾಖಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟಿ ನಿಲ್ಲುವ ಈ ನೆಲದಲ್ಲಿ ಗಿಡಗಳಿಗೆ ಚಳಿಯಿಂದ ರಕ್ಷಣೆ ಬೇಕೆಂದರೆ ಹೊರಗಿನವರು ನಕ್ಕಾರು. ಆದರೆ ಮಾರ್ಗಶಿರ ಪುಷ್ಯಗಳಲ್ಲಿ ಕೊಲ್ಹಾರದ ಬಯಲಿನಲ್ಲಿ ಒಂದು ರಾತ್ರಿ ಕಳೆದವರು ಹಾಗೆ ನಗಲಾರರು. ವಿಜಯಪುರ ಜಿಲ್ಲೆಯಲ್ಲಿ ಕೆಲವು ವರ್ಷ ಮಾಗಿಯ ರಾತ್ರಿಗಳ ಉಷ್ಣಮಾನ 10 ಡಿಗ್ರಿಗಿಂತಲೂ ಕೆಳಗೆ ಇಳಿಯುವುದುಂಟು. ಇಲ್ಲಿ ಹಿಮ ಬೀಳುವುದಿಲ್ಲ, ಕೊಡದ ನೀರು ಹೆಪ್ಪುಗಟ್ಟುವುದಿಲ್ಲ. ಆ ಕಾರಣದಿಂದಲೇ ನಾವು ಎಚ್ಚರ ತಪ್ಪುತ್ತೇವೆ. ಉಷ್ಣವಲಯದ ಮಳೆಗಾಡಿನಲ್ಲಿ ಹುಟ್ಟಿದ ಸಸಿಗೆ ಹಿಮವೇ ಬೀಳಬೇಕೆಂದಿಲ್ಲ. 10–12 ಡಿಗ್ರಿಯ ಚಳಿ ನಾಲ್ಕು ರಾತ್ರಿ ನಿಂತರೂ ಸಾಕು, ಅದು ಸೊರಗುತ್ತದೆ.

ಭಾಷಾಪಂಡಿತನಾದ ನಾನು ತೋಟದ ವಿಷಯದಲ್ಲಿ ಲೇಖನಿ ಹಿಡಿಯಲು ಕಾರಣ ನನ್ನ ಪಾಂಡಿತ್ಯವಲ್ಲ, ನನ್ನ ತಪ್ಪು. ಅದನ್ನು ಮೊದಲು ನಿವೇದಿಸಿಕೊಂಡು ಮುಂದಿನ ಮಾತಿಗೆ ಹೋಗುವುದು ಯುಕ್ತ.

ನಡೆದ ಸಂಗತಿ

2018ರ ದೀಪಾವಳಿಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ಹನ್ನೆರಡು ಕುಂಡಗಳನ್ನು ತಂದು ಅರ್ಪಿಸಿದರು. ನಾಲ್ಕು ಆಂಥೂರಿಯಂ, ನಾಲ್ಕು ಡಿಫೆನ್‌ಬೇಕಿಯಾ, ನಾಲ್ಕು ಬಣ್ಣದೆಲೆಯ ಕ್ರೋಟನ್. ಕೈತೋಟದ ಮೇಲ್ವಿಚಾರಣೆ ಆಗ ನನ್ನದು. ಬಂದವರ ಕಣ್ಣಿಗೆ ಬೀಳಲೆಂದು ಕುಂಡಗಳನ್ನು ಹಾದಿಯ ಎರಡೂ ಬದಿಗೆ ಸಾಲಾಗಿ ಇರಿಸಿದೆ. ದಿನವೂ ಸಂಜೆ ವಿದ್ಯಾರ್ಥಿಗಳು ಎಲೆಯೆಲ್ಲ ತೊಯ್ಯುವಂತೆ ನೀರುಣಿಸುತ್ತಿದ್ದರು. ಪುಷ್ಯಮಾಸದಲ್ಲಿ ಚಳಿ ಬಲಿತಾಗ ನಾನೇ ನಿಂತು ಪ್ಲಾಸ್ಟಿಕ್ ಹಾಳೆಗಳನ್ನು ಹೊದಿಸಿ, ಬುಡಕ್ಕೆ ಬಿಗಿಯಾಗಿ ಕಟ್ಟಿಸಿದೆ. ಮರುದಿನದಿಂದ ಎರಡು ದಿನ ರಜೆ. ರಜೆ ಮುಗಿಸಿ ಬಂದು ಹಾಳೆ ಬಿಚ್ಚಿದರೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಹನ್ನೆರಡರಲ್ಲಿ ಒಂಬತ್ತು ಹೋದವು.

ಉಳಿದ ಮೂರೂ ನನ್ನ ಆರೈಕೆಯಿಂದ ಉಳಿದವಲ್ಲ. ಪ್ರಸಾದ ನಿಲಯದ ಅಡುಗೆಯ ಹಿರಿಯರು ಆ ಮೂರು ಕುಂಡಗಳನ್ನು ಹಿಂದಿನ ವಾರವೇ ಎತ್ತಿಕೊಂಡು ಹೋಗಿ ಅಡುಗೆಮನೆಯ ಹಿಂಗೋಡೆಗೆ ಆನಿಸಿ ಇಟ್ಟಿದ್ದರು. ಗೋಡೆಯ ಆಚೆ ಬದಿಗೆ ಒಲೆ. ಅವರು ಬಾಲ್ಯದಲ್ಲಿ ಎಲೆತೋಟದಲ್ಲಿ ದುಡಿದವರು. “ಅಜ್ಜಾರ, ಹೊದಿಸಿದರೂ ಯಾಕ ಸತ್ತುವು?” ಎಂದು ಕೇಳಿದೆ. ಅವರು ಹೇಳಿದ್ದಿಷ್ಟು: “ಗುರುಗಳ, ಇವಕ ಬರೇ ಚಳಿ ಹೊಡದಿಲ್ರಿ. ಮೂಡಗಾಳಿ ಹೊಡದೈತಿ, ಹಸಿ ಮೈ ಹೊಡದೈತಿ, ಮ್ಯಾಲ ಬಿಸಲ ಹೊಡದೈತಿ. ನೀವು ಹೊಚ್ಚೀರಿ ಖರೆ, ತಗೀಲಿಲ್ಲ.”

ಈ ನಾಲ್ಕು ಮಾತುಗಳಿಗೆ ಭಾಷ್ಯ ಬರೆಯುವುದಷ್ಟೇ ಈ ಲೇಖನದ ಉದ್ದೇಶ.

ಹಾನಿಯ ಕಾರಣ

ಚಳಿ ಬಂತೆಂದರೆ ನಮ್ಮ ಅಡುಗೆಮನೆಗಳಲ್ಲಿ ತುಪ್ಪ ಹೆರೆಗಟ್ಟುತ್ತದೆ, ಕೊಬ್ಬರಿ ಎಣ್ಣೆ ಬಿಳಿಗಟ್ಟುತ್ತದೆ. ಅದೇ ಮಾಡದಲ್ಲಿ ಇರಿಸಿದ ಕುಸುಬಿ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ಸಸ್ಯಗಳಲ್ಲಿಯೂ ಇಂಥದೇ ಭೇದವುಂಟು. ಎಲೆಯ ಪ್ರತಿಯೊಂದು ಜೀವಕೋಶವನ್ನೂ ಸುತ್ತಿರುವ ತೆಳುಪೊರೆಯಲ್ಲಿ ಜಿಡ್ಡಿನ ಅಂಶವಿದೆ. ಚಳಿನಾಡಿನ ಗಿಡಗಳಲ್ಲಿ ಅದು ಕುಸುಬಿ ಎಣ್ಣೆಯಂತೆ ತಂಪಿನಲ್ಲಿಯೂ ಮೃದುವಾಗಿರುತ್ತದೆ. ಉಷ್ಣವಲಯದ ಗಿಡಗಳಲ್ಲಿ ತುಪ್ಪದಂತೆ ಬಿಗಿಯುತ್ತದೆ. ಬಿಗಿದ ಪೊರೆಯಿಂದ ಒಳಗಿನ ರಸ ಸೋರಿ ಎಲೆಯ ಮೇಲೆ ನೀರು ಹಿಡಿದಂಥ ಕಲೆಗಳು ಮೂಡುತ್ತವೆ. ಅವೇ ಮುಂದೆ ಕಂದಾಗಿ ಕಪ್ಪಾಗುತ್ತವೆ.

ಎರಡನೆಯದು ಬೇರಿನ ಸಂಕಟ. ತಣ್ಣಗಾದ ಮಣ್ಣಿನಲ್ಲಿ ಬೇರುಗಳು ನೀರನ್ನು ಹೀರಲಾರವು. ಮೂಡಣದಿಂದ ಬೀಸುವ ಒಣಗಾಳಿಯಾದರೋ ಎಲೆಗಳ ತೇವವನ್ನು ಸೆಳೆಯುತ್ತಲೇ ಇರುತ್ತದೆ. ಹಸಿಮಣ್ಣಿನಲ್ಲಿ ನಿಂತೇ ಗಿಡ ಬಾಯಾರಿ ಬಾಡುತ್ತದೆ. ಬಾಡಿತೆಂದು ನಾವು ಇನ್ನಷ್ಟು ನೀರು ಹಾಕುತ್ತೇವೆ, ಬೇರು ಕೊಳೆಯುತ್ತದೆ.

ಮೂರನೆಯದು ಆಕಾಶ. ಮೋಡ ಕವಿದ ರಾತ್ರಿಯಲ್ಲಿ ಚಳಿ ಕಡಿಮೆ, ಚುಕ್ಕೆ ತುಂಬಿದ ರಾತ್ರಿಯಲ್ಲಿ ಹೆಚ್ಚು ಎಂಬುದನ್ನು ಹೊಲದಲ್ಲಿ ಮಲಗುವ ಒಕ್ಕಲಿಗರೆಲ್ಲ ಬಲ್ಲರು. ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನು ಮೇಲಕ್ಕೆ ಬಿಡುತ್ತದೆ. ತಡೆಯಲು ಮೋಡವಾಗಲಿ ಚಪ್ಪರವಾಗಲಿ ಇಲ್ಲದಿದ್ದರೆ ಅದು ಹೋದಂತೆಯೇ. ತೆಳುವಾದ ಪ್ಲಾಸ್ಟಿಕ್ ಹಾಳೆ ಈ ಕಾವನ್ನು ಗೋಣಿಯಷ್ಟು ತಡೆಯಲಾರದು. ಹಗಲಿನಲ್ಲಿ ಮಾತ್ರ ಒಳಗನ್ನು ಒಲೆಯಂತೆ ಕಾಯಿಸುತ್ತದೆ. ರಾತ್ರಿ ನಡುಗಿ ಹಗಲು ಬೆಂದ ನನ್ನ ಒಂಬತ್ತು ಗಿಡಗಳು ಇದಕ್ಕೆ ಸಾಕ್ಷಿ.

ನಮ್ಮ ಊರಿಗೇ ವಿಶೇಷವಾದ ಕಾರಣವೊಂದುಂಟು. 1964ರಲ್ಲಿ ಶಂಕುಸ್ಥಾಪನೆಯಾಗಿ 2006ರಲ್ಲಿ ಲೋಕಾರ್ಪಣೆಗೊಂಡ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಕೊಲ್ಹಾರ ಸಂದಿತು. ಊರು ಮೇಲಿನ ನೆಲಕ್ಕೆ ಬಂದಿತು. ಒತ್ತಾದ ಓಣಿ, ದಪ್ಪ ಮಣ್ಣಿನ ಗೋಡೆ, ಅಂಗಳದ ಹಳೆಯ ಬೇವು ಇವೆಲ್ಲ ಅಲ್ಲಿ ಗಿಡಗಳಿಗೆ ಕೇಳದೆಯೇ ದೊರೆತ ಆಸರೆಗಳು. ಹೊಸ ಊರಿನ ಅಗಲವಾದ ಬಯಲಿನಲ್ಲಿ ಆ ಆಸರೆಯನ್ನು ನಾವೇ ಕಟ್ಟಿಕೊಡಬೇಕು.

ಪರದೇಶದ್ದು ಎಂದರೇನು?

ಹಾಗಾದರೆ ಪರದೇಶದ ಗಿಡಗಳೆಲ್ಲ ಕೋಮಲವೇ? ಅಲ್ಲ. ನಾವು ಪೂಜೆಗೆ ಬಳಸುವ ಚೆಂಡುಹೂ ಮೆಕ್ಸಿಕೋ ನೆಲದ್ದು. ಪೇರಲ, ಪಪಾಯಿ, ಮೆಣಸಿನಕಾಯಿ ಇವೂ ಅಮೆರಿಕ ಖಂಡದವೇ. ವಿಜಯಪುರದ ಆದಿಲಶಾಹಿಗಳಿಂದ 1510ರಲ್ಲಿ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಸರ ಹಡಗುಗಳಲ್ಲಿ ಇಂಥ ಎಷ್ಟೋ ಸಸ್ಯಗಳು ಪಶ್ಚಿಮ ಕರಾವಳಿಗೆ ಬಂದಿಳಿದವು. ಅಕ್ಬರನ ದೂತನಾಗಿ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗನು ತಂಬಾಕನ್ನು ಮೊದಲು ಕಂಡದ್ದು ಇಲ್ಲಿಯೇ. ಮೊಗಲ ದರ್ಬಾರಿಗೆ ಅದನ್ನು ಒಯ್ದವನೂ ಅವನೇ. ಹೀಗೆ ಅತಿಥಿಯಾಗಿ ಬಂದು ಮನೆಮಗನಾದ ಗಿಡಗಳು ನಮ್ಮಲ್ಲಿ ಹೇರಳ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಪರದೇಶದ್ದೋ ಸ್ವದೇಶದ್ದೋ’ ಎಂಬುದಲ್ಲ. ‘ಹುಟ್ಟಿದ ನೆಲದ ಹವೆ ಎಂಥದು’ ಎಂಬುದು. ಚೀನದಿಂದ ಬಂದ ಸೇವಂತಿಗೆ ಚಳಿಯಲ್ಲಿಯೇ ಅರಳುತ್ತದೆ. ಕಣಗಿಲೆ ನಮ್ಮ ಬಿಸಿಲನ್ನೂ ಚಳಿಯನ್ನೂ ಒಂದೇ ಸಮನಾಗಿ ತಾಳುತ್ತದೆ. ದಕ್ಷಿಣ ಅಮೆರಿಕದ ತೇವದ ಕಾಡಿನ ಆಂಥೂರಿಯಂಗೆ ಎರಡೂ ಆಗದು. ನಮ್ಮವೇ ಎಂದು ನಾವು ತಿಳಿದ ಬಾಳೆಯೂ ಎಲೆಬಳ್ಳಿಯೂ ಚಳಿಗೆ ಅಂಜುವಂಥವೇ. ಮಾಗಿಯಲ್ಲಿ ಗೊನೆ ಪೂರ್ತಿ ಹೊರಬಾರದೆ ಬಾಳೆಯ ಕಂಠದಲ್ಲಿಯೇ ಸಿಕ್ಕಿಕೊಳ್ಳುವುದನ್ನು ತೋಟಿಗರು ಕಂಡಿದ್ದಾರೆ.

ಹಿರಿಯರ ಅರಿವು

ಈ ವಿಚಾರ ನಮ್ಮ ಪೂರ್ವಿಕರಿಗೆ ಹೊಸದಲ್ಲ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಭಾಗದಲ್ಲಿ ಚಳಿ, ಗಾಳಿ, ಬಿಸಿಲು ಈ ಮೂರನ್ನೂ ಒಟ್ಟಿಗೆ ಗಿಡಗಳ ರೋಗಕಾರಣವೆಂದು ಎಣಿಸಿ, ಎಲೆ ಬಿಳಿಚುವುದು, ಚಿಗುರು ನಿಲ್ಲುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂಬ ಲಕ್ಷಣಗಳನ್ನು ಹೇಳಿದ್ದಾನೆ. ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಗು ಬೈಗು ನೀರು, ಚಳಿಗಾಲದಲ್ಲಿ ದಿನ ಬಿಟ್ಟು ದಿನ ಎಂಬುದು ಅವನ ವಿಧಿ. ಅಡುಗೆಯ ಅಜ್ಜನ ಮಾತಿನಲ್ಲಿಯೂ ಚಳಿ, ಗಾಳಿ, ಬಿಸಿಲು ಮೂರೂ ಬಂದಿದ್ದವೆಂಬುದನ್ನು ಓದುಗರು ನೆನೆಯಬೇಕು. ಆ ಶ್ಲೋಕವನ್ನು ಎಷ್ಟೋ ಬಾರಿ ಓದಿದ್ದ ನಾನು ದಿನವೂ ಸಂಜೆ ನೀರು ಹಾಕಿಸಿದೆ. ಓದದ ಅವರು ಗಿಡಗಳನ್ನು ಉಳಿಸಿದರು.

ಕನ್ನಡದಲ್ಲಿಯೇ ಚಾವುಂಡರಾಯನು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಹರಿಹರ ಕವಿಯ ಪುಷ್ಪರಗಳೆಯಲ್ಲಿ ಶಿವಪೂಜೆಗೆ ಹೂ ತರಹೋದ ಭಕ್ತನು ಗಿಡಗಳೊಡನೆ ನಡೆದುಕೊಳ್ಳುವ ನಯವನ್ನು ಕಂಡವರು, ಹೂ ಕೊಡುವ ಗಿಡವೂ ಪೂಜೆಯ ಒಂದು ಅಂಗವೆಂಬುದನ್ನು ಮರೆಯಲಾರರು.

ಗ್ರಂಥಗಳಾಚೆಗೆ, ಕಣ್ಣೆದುರಿನ ಪಾಠಶಾಲೆಯೆಂದರೆ ನಮ್ಮ ಎಲೆತೋಟ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅದಕ್ಕೂ ಬಹು ಮೊದಲೇ ಎಲೆತೋಟದ ಒಕ್ಕಲಿಗನು ಚೊಗಚಿ, ನುಗ್ಗೆಗಳನ್ನು ಒತ್ತಾಗಿ ಬೆಳೆಸಿ, ಸುತ್ತ ದಟ್ಟ ಬೇಲಿ ಕಟ್ಟಿ, ಜೀವಂತ ಗಿಡಗಳಿಂದಲೇ ಒಂದು ಮನೆಯನ್ನು ನಿರ್ಮಿಸಿದ್ದನು. ಮೇಲೆ ಸೂರು, ಬದಿಗೆ ಗೋಡೆ, ಒಳಗೆ ತೇವದ ಹವೆ. ನಾವು ಕಲಿಯಬೇಕಾದ ಸೂತ್ರವೆಲ್ಲ ಇದರಲ್ಲಿದೆ.

ಹುಣ್ಣಿಮೆಯಿಂದ ಹುಣ್ಣಿಮೆಗೆ

ಮನೆಯ ಕೈತೋಟಕ್ಕೂ ಶಾಲೆಯ ಅಂಗಳಕ್ಕೂ ಅನ್ವಯಿಸುವ ಕ್ರಮವನ್ನು ನಮ್ಮ ಹಬ್ಬಗಳ ಲೆಕ್ಕದಲ್ಲಿ ಹೇಳಿದರೆ ನೆನಪಿನಲ್ಲಿ ಉಳಿದೀತು.

ಸೀಗಿ ಹುಣ್ಣಿಮೆಗೆ ಗೊಬ್ಬರ ಹಾಕುವುದನ್ನೂ ಕೊಂಬೆ ಸವರುವುದನ್ನೂ ನಿಲ್ಲಿಸಬೇಕು. ಇವೆರಡೂ ಎಳೆಚಿಗುರನ್ನು ಎಬ್ಬಿಸುತ್ತವೆ. ಚಳಿ ಮೊದಲು ಹೊಡೆಯುವುದು ಎಳೆಚಿಗುರನ್ನೇ. ಚಳಿಗೆ ಬೂದಿ ಒಳ್ಳೆಯದೆಂದು ಕುಂಡಕ್ಕೆ ಸುರಿಯುವವರುಂಟು. ನಮ್ಮ ಎರೆಮಣ್ಣು ಮೊದಲೇ ಕ್ಷಾರಗುಣದ್ದು. ಬೂದಿ ಅದನ್ನು ಹೆಚ್ಚಿಸುತ್ತದೆ.

ಗೌರಿ ಹುಣ್ಣಿಮೆಯೊಳಗೆ ಹಂದರ ನಿಲ್ಲಬೇಕು. ಮೂಡಣ ಮತ್ತು ಬಡಗಣ ಬದಿಗಳಿಗೆ ಜೋಳದ ಕಣಿಕೆಯ ತಟ್ಟಿ; ತೆಂಕಣ, ಪಡುವಣ ತೆರೆದಿರಲಿ. ಸಂಜೆಯ ಬಿಸಿಲು ಬೀಳುವ ಗೋಡೆಯಿದ್ದರೆ ಅದರ ಮಗ್ಗುಲೇ ಉತ್ತಮ ಸ್ಥಾನ. ಹಗಲು ಕುಡಿದ ಕಾವನ್ನು ಗೋಡೆ ರಾತ್ರಿ ಕೊಡುತ್ತದೆ. ಕುಂಡಗಳನ್ನು ಕಲ್ಲುಹಾಸಿನ ಮೇಲೆ ಇಡದೆ ಹಲಗೆಯ ಮೇಲೆ ಇಡಬೇಕು. ಕಬ್ಬಿನ ಒಣ ರವದಿಯನ್ನು ನಾಲ್ಕು ಬೆರಳು ದಪ್ಪ ಹೊದಿಸಬೇಕು; ಅದು ಕಾಂಡಕ್ಕೆ ತಾಗಬಾರದು.

ಹೊಸ್ತಿಲ ಹುಣ್ಣಿಮೆಯಿಂದ ಬನದ ಹುಣ್ಣಿಮೆಯವರೆಗೆ, ನಡುವೆ ಎಳ್ಳ ಅಮಾವಾಸ್ಯೆ ಸೇರಿ, ಪರೀಕ್ಷಾಕಾಲ. ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಅದೂ ಬೆಳಗಿನ ಹತ್ತು ಗಂಟೆಯ ಬಳಿಕ, ಬಿಸಿಲಿಗೆ ಇರಿಸಿದ ನೀರು, ಬುಡಕ್ಕೆ ಮಾತ್ರ. ಉಷ್ಣಮಾನ 12 ಡಿಗ್ರಿಗೆ ಇಳಿಯುವ ಸೂಚನೆ ಕಂಡ ಸಂಜೆ ಹಂದರದ ಮೇಲೆ ಗೋಣಿ ಹಾಸಬೇಕು. ಗೋಣಿ ಎಲೆಗೆ ತಾಗಬಾರದು. ಬೆಳಗ್ಗೆ ಬಿಸಿಲೇರುತ್ತಲೇ ತೆಗೆಯಬೇಕು. ತೆಗೆಯುವವರು ಯಾರೆಂದು ಮೊದಲೇ ನಿಶ್ಚಯಿಸದೆ ಹೊದಿಸಲೇಬಾರದು. ರಜೆಯ ದಿನಗಳಿಗೆ ಇದು ಇನ್ನೂ ಮುಖ್ಯ.

ಇಷ್ಟಾಗಿಯೂ ಚಳಿ ತಾಗಿದರೆ ಕಪ್ಪಾದ ಭಾಗವನ್ನು ಕೂಡಲೇ ಕತ್ತರಿಸಬಾರದು. ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿದಾಗ ಒಳಗೆ ಹಸಿರು ಕಂಡರೆ ಜೀವವಿದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವುದೆಂಬ ಗಾದೆಯನ್ನು ನಂಬಿ ಅಲ್ಲಿಯವರೆಗೆ ಕಾಯಬೇಕು. ಭಾರತ ಹುಣ್ಣಿಮೆಯಿಂದ ಬದಿಯ ತಟ್ಟಿಗಳನ್ನು ಒಂದೊಂದಾಗಿ ಬಿಡಿಸಬಹುದು. ಮೇಲಿನ ಹಂದರ ಇರಲಿ. ಚಳಿಗೆ ಕಟ್ಟಿದ ಹಂದರವೇ ಬೇಸಗೆಗೆ ನೆರಳಾಗುತ್ತದೆ.

ದಾನಿಗಳಲ್ಲಿ ಒಂದು ಬಿನ್ನಹ

ಕೊನೆಯದಾಗಿ, ಶ್ರೀಮಠಕ್ಕೂ ಶಾಲೆಗೂ ಪ್ರೀತಿಯಿಂದ ಸಸಿಗಳನ್ನು ಅರ್ಪಿಸುವ ಮಹನೀಯರಲ್ಲಿ ಒಂದು ಮಾತು. ದೀಪಾವಳಿಗೆ ಬಂದ ಸಸಿಗೆ ಹೊಸ ನೆಲಕ್ಕೆ ಒಗ್ಗಿಕೊಳ್ಳಲು ಒಂದು ತಿಂಗಳೂ ಸಿಕ್ಕದು. ಆಷಾಢ ಶ್ರಾವಣಗಳಲ್ಲಿ ಬಂದದ್ದು ನಾಲ್ಕು ತಿಂಗಳು ಬೇರೂರಿ ಚಳಿಯನ್ನು ಎದುರಿಸುತ್ತದೆ. ಕೊಡುವ ಕೈಗಳು ಕಾಲವನ್ನೂ ನೋಡಿ ಕೊಡಲಿ.

ಆ ಹಳೆಯ ವಿದ್ಯಾರ್ಥಿಗೆ ನಾನು ಪತ್ರ ಬರೆದು, ಅವರು ಕೊಟ್ಟ ಗಿಡಗಳನ್ನು ನನ್ನ ಅಜ್ಞಾನದಿಂದ ಕಳೆದೆನೆಂದು ಒಪ್ಪಿಕೊಂಡೆ. ಮರುವರ್ಷ ಅವರು ಗಿಡ ಕಳಿಸಲಿಲ್ಲ. ಹಂದರಕ್ಕೆ ಬೇಕಾದ ಗಳಗಳನ್ನೂ ಗೋಣಿಗಳನ್ನೂ ಒಂದು ಉಷ್ಣಮಾಪಕವನ್ನೂ ಕಳಿಸಿದರು. ಅಂದಿನಿಂದ ಮಾಗಿಯಲ್ಲಿ ಪ್ರಸಾದ ನಿಲಯದ ವಿದ್ಯಾರ್ಥಿಯೊಬ್ಬನು ನಸುಕಿನಲ್ಲಿ ಎದ್ದು ಅಂಕಿಯನ್ನು ಹಲಗೆಯ ಮೇಲೆ ಬರೆಯುತ್ತಾನೆ. ಗೋಣಿ ತೆಗೆಯುವ ಪಾಳಿಯವನ ಹೆಸರೂ ಅದರ ಕೆಳಗೆ ಇರುತ್ತದೆ. ಉಳಿದ ಎರಡು ಕ್ರೋಟನ್ ಗಿಡಗಳ ಕಡ್ಡಿಗಳನ್ನು ಪ್ರತಿ ಶ್ರಾವಣದಲ್ಲಿ ನೆಟ್ಟು ಮಕ್ಕಳ ಮನೆಗಳಿಗೆ ಹಂಚುತ್ತೇವೆ. ಒಂದು ಕಡೆ ಚಳಿಗೆ ಹೋದರೂ ಇನ್ನೊಂದು ಮನೆಯಲ್ಲಿ ಗಿಡ ಉಳಿದಿರುತ್ತದೆ. ಹಂಚಿದ್ದೇ ಉಳಿಯುವುದೆಂಬ ದಾಸೋಹದ ತತ್ತ್ವ ಇಲ್ಲಿಯೂ ಸುಳ್ಳಾಗಿಲ್ಲ.

ತಂದೆತಾಯಿಗಳನ್ನು ಅಗಲಿ ದೂರದ ಊರುಗಳಿಂದ ಇಲ್ಲಿಗೆ ಬರುವ ಮಕ್ಕಳನ್ನು ಕಂಡಾಗ ಅಡುಗೆಯ ಅಜ್ಜನ ಮಾತು ನನಗೆ ನೆನಪಾಗುತ್ತದೆ. ಹೊದಿಸುವುದೂ ಬೇಕು, ಹೊತ್ತಿಗೆ ತೆಗೆಯುವುದೂ ಬೇಕು. ಶಿಕ್ಷಕರಾದ ನಮಗೆ ಇದಕ್ಕಿಂತ ಬೇರೆ ಪಾಠ ಏಕೆ?