ನಲ್ಲಿ ಬದಲಿಸುವ ಮುಂಚೆ

ಪುಟ್ಟಾ, ಬೆಂಗಳೂರಿನ ಹೊಸ ಬಾಡಿಗೆ ಮನೆಯಲ್ಲಿ ನೀರು ಸಣ್ಣಗೆ ಬರುತ್ತದಂತೆ, ಒಂದು ಬಕೆಟ್ ತುಂಬುವಷ್ಟರಲ್ಲಿ ಆಫೀಸಿಗೆ ಹೊತ್ತಾಗುತ್ತದಂತೆ. ನಿಮ್ಮಮ್ಮ ಹೇಳಿದಳು. ಬೀದಿಯಿಂದ ಬರುವ ಪೈಪಿಗೇ ಮೋಟರ್ ಕೂರಿಸೋಣ ಅಂತ ಓನರ್ ಅಂದರಂತೆ. ಅದಕ್ಕೆ ನೀನು ಹೂಂ ಅನ್ನುವ ಮುಂಚೆ ಈ ಮಾವನ ಮಾತು ಸ್ವಲ್ಪ ಕೇಳು. ಮೂವತ್ತು ವರ್ಷಕ್ಕೂ ಮಿಕ್ಕಿ ಪೈಪು, ಸ್ಪ್ಯಾನರ್ ಹಿಡಿದು ಬದುಕಿದವನು ನಾನು.

ನೀರು ಕಮ್ಮಿ ಬರುವುದು ಒಂದೇ ನಲ್ಲಿಯಲ್ಲೋ, ಎಲ್ಲ ನಲ್ಲಿಗಳಲ್ಲೋ? ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಸೊರಗಿದೆಯೋ? ದಿನ ಕಳೆದಂತೆ ಇಳಿಯುತ್ತ ಬಂತೋ, ಟ್ಯಾಂಕ್ ತೊಳೆಸಿದ ಮರುದಿನದಿಂದ ಹೀಗಾಯಿತೋ? ಇದನ್ನೆಲ್ಲ ಕೇಳದೆ ನೇರ ನಲ್ಲಿಗೆ ಕೈಹಾಕುವವನಿಂದ ಕೆಲಸ ಮಾಡಿಸಬೇಡ.

ಒಂದೇ ನಲ್ಲಿಯಾದರೆ ಹತ್ತರಲ್ಲಿ ಎಂಟು ಸಲ ತೊಂದರೆ ಅದರ ಮೂತಿಯಲ್ಲೇ ಇರುತ್ತದೆ. ತುದಿಯಲ್ಲಿ ಪುಟ್ಟ ಜಾಲರಿ ಇದೆ ನೋಡು, ಅಂಗಡಿಯವರು ಏರಿಯೇಟರ್ ಅನ್ನುತ್ತಾರೆ. ಮೊದಲು ಸಿಂಕಿನ ತೂತಿಗೆ ಬಟ್ಟೆ ಮುಚ್ಚು, ಇಲ್ಲದಿದ್ದರೆ ವಾಷರ್ ಜಾರಿ ಒಳಗೆ ಹೋಗುತ್ತದೆ. ಆಮೇಲೆ ಜಾಲರಿಗೆ ಒಂದು ಬಟ್ಟೆ ಸುತ್ತಿ ತಿರುಗಿಸಿ ಬಿಚ್ಚು. ಅದನ್ನು ತೆಗೆದಾಗ ನೀರು ಜೋರಾಗಿ ಬಂದರೆ ಕಾರಣ ಸಿಕ್ಕಿತು. ಬೋರ್‌ವೆಲ್ ನೀರಿನ ಸುಣ್ಣ ಅಲ್ಲಿ ಬಿಳಿ ಗಾರೆಯ ಹಾಗೆ ಕಟ್ಟಿಕೊಂಡಿರುತ್ತದೆ. ಒಂದು ಲೋಟದಲ್ಲಿ ವಿನಿಗರ್ ಹಾಕಿ ಜಾಲರಿಯನ್ನು ರಾತ್ರಿ ನೆನೆಸಿಡು, ನಿಂಬೆರಸವೂ ಆದೀತು. ಬೆಳಿಗ್ಗೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆ. ಹೊಸ ನಲ್ಲಿ ತರುವ ದುಡ್ಡು ಉಳಿಯಿತು.

ಜಾಲರಿ ಇಲ್ಲದಿದ್ದರೇ ನೀರು ಚೆನ್ನಾಗಿ ಬರುತ್ತದೆ ಅಂತ ಅದನ್ನು ಎಸೆಯಬೇಡ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಬೆಂಗಳೂರಿನ ಜಲಮಂಡಳಿ ಹೋಟೆಲ್ಲು, ಕಚೇರಿ, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ ಕಮ್ಮಿ ನೀರಿನಲ್ಲೇ ಕೈತುಂಬ ಧಾರೆ ಕೊಡುವುದು ಅದರ ಕೆಲಸ.

ಜಾಲರಿ ಶುದ್ಧವಾಗಿದ್ದೂ ನೀರು ಬಾರದಿದ್ದರೆ ಸಿಂಕಿನ ಕೆಳಗೆ ಬಗ್ಗಿ ಆಂಗಲ್ ಕಾಕ್, ಅಂದರೆ ಆ ನಲ್ಲಿಗೆ ನೀರು ನಿಲ್ಲಿಸುವ ಪುಟ್ಟ ವಾಲ್ವ್ ನೋಡು. ಪೇಂಟಿನವರೋ ಪಾತ್ರೆ ತೊಳೆಯುವವರೋ ಅರ್ಧ ತಿರುಗಿಸಿಟ್ಟಿರಬಹುದು. ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರ್ ಕಡೆ ಸುಣ್ಣ ಕಟ್ಟಿದೆ ಅಂತ ತಿಳಿ. ಅದು ಕರೆಂಟಿನ ವಿಷಯ, ನೀನು ಬಿಚ್ಚಲು ಹೋಗಬೇಡ.

ಎಲ್ಲ ನಲ್ಲಿಗಳಲ್ಲೂ ಹೀಗೇ ಆದರೆ ಟೆರೇಸಿಗೆ ಹತ್ತು. ಟ್ಯಾಂಕಿನ ಬುಡದ ಗೇಟ್ ವಾಲ್ವ್ ತಿರುಗಿಸಿ ನೋಡು. ಮೇಲಿನ ಚಕ್ರ ಸಲೀಸಾಗಿ ತಿರುಗುತ್ತಲೇ ಇದ್ದರೆ ಒಳಗಿನ ಬಾಗಿಲು ಕಳಚಿ ಕೆಳಗೆ ಬಿದ್ದಿರುತ್ತದೆ. ಹೊರಗಿನಿಂದ ನೋಡಿದವರಿಗೆ ವಾಲ್ವ್ ತೆರೆದಂತೆಯೇ ಕಾಣುತ್ತದೆ. ಟ್ಯಾಂಕ್ ಖಾಲಿಯಾಗಿ ತುಂಬಿದ ಮೇಲೆ ಶುರುವಾದದ್ದಾದರೆ ಪೈಪಿನಲ್ಲಿ ಗಾಳಿ ಹಿಡಿದಿದೆ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಜೋಡಿಸಿ ಆಕಾಶಕ್ಕೆ ಬಾಯಿ ಮಾಡಿ ನಿಲ್ಲಿಸಿದ ಸಣ್ಣ ಪೈಪು ಗಾಳಿ ಹೋಗಲೆಂದೇ ಇರುವುದು. ಮುರಿದ ಪೈಪೆಂದು ಯಾರೋ ಅದಕ್ಕೆ ಕ್ಯಾಪ್ ಹಾಕಿ ಮುಚ್ಚಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ನೀನಿರುವುದು ಎರಡನೇ ಮಹಡಿ, ಟ್ಯಾಂಕಿನ ಕೆಳಗೇ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ನಿನ್ನ ಶವರಿಗೆ ಎರಡು ಮೂರು ಮೀಟರ್ ಎತ್ತರ ಸಿಕ್ಕರೆ ಹೆಚ್ಚು. ಕೆಳಮನೆಯವರಿಗೆ ಭರ್ತಿ ಬರುವುದೂ ನಿನಗೆ ಬಾರದಿರುವುದೂ ಇದಕ್ಕೇ. ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸಲಿ, ಇಲ್ಲವೇ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಸಣ್ಣ ಪ್ರೆಷರ್ ಪಂಪ್ ಹಾಕಿಸಲಿ. ಅದು ನಿಮ್ಮ ಮನೆಗೆ ಬಂದಾಗಿರುವ ನೀರು, ಯಾರಿಗೂ ಕೇಡಿಲ್ಲ. ಹಳೆಯ ಕಬ್ಬಿಣದ ಪೈಪಿದ್ದು ಬೆಳಿಗ್ಗೆ ಮೊದಲ ತಂಬಿಗೆ ಕೆಂಪಗೆ ಬಂದರೆ ಮಾತ್ರ ಪಂಪಿನಿಂದಲೂ ಪ್ರಯೋಜನವಿಲ್ಲ, ಪೈಪೇ ಬದಲಿಸಬೇಕು. ಅರ್ಧ ಇಂಚಿನ ಪೈಪಿನೊಳಗೆ ತುಕ್ಕು ಬೆಳೆದು ಪೆನ್ಸಿಲಿನಷ್ಟೇ ದಾರಿ ಉಳಿದಿದ್ದನ್ನು ಕತ್ತರಿಸಿ ನೋಡಿದ್ದೇನೆ.

ಆದರೆ ಬೀದಿಯ ಪೈಪಿಗೆ ಮೋಟರ್ ಬೇಡ. ಕೈಮುಗಿದು ಹೇಳುತ್ತೇನೆ, ಬೇಡ. ವಯಸ್ಸಿನಲ್ಲಿ ನಾನೇ ಒಂದು ಮನೆಗೆ ಹಾಗೆ ಹಾಕಿಕೊಟ್ಟೆ. ಕೂಲಿ ಚೆನ್ನಾಗಿ ಕೊಟ್ಟರು. ವಾರ ಕಳೆದು ಅದೇ ಬೀದಿಗೆ ಬೇರೆ ಕೆಲಸಕ್ಕೆ ಹೋದಾಗ ಕೊನೆಯ ಮನೆಯ ಅಜ್ಜಿ ಖಾಲಿ ಕೊಡ ಇಟ್ಟುಕೊಂಡು ನಲ್ಲಿ ಮುಂದೆ ಕೂತಿದ್ದರು. ನೀರು ಬಿಟ್ಟಿದ್ದಾರೆ ಅಂತಾರೆ, ನಮಗೇಕಪ್ಪಾ ಬರಲ್ಲ ಅಂತ ನನ್ನನ್ನೇ ಕೇಳಿದರು. ಬಂದಷ್ಟೂ ವಾಸನೆ ಅಂದರು. ಮೋಟರ್ ಎಳೆದಾಗ ಪೈಪಿನಲ್ಲಿ ಒತ್ತಡ ಇಳಿದು, ಎಲ್ಲೋ ಬಿರುಕಿದ್ದರೆ ಪಕ್ಕದ ಚರಂಡಿಯ ನೀರೂ ಒಳಗೆ ಬರುತ್ತದೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹಾಕಿದ್ದೆ. ಆ ಮನೆಗೆ ಹೋಗಿ ಕಾಲು ಹಿಡಿದಂತೆ ಬೇಡಿ, ಕೂಲಿ ವಾಪಸು ಕೊಟ್ಟು ಮೋಟರ್ ತೆಗೆದೆ. ಅಜ್ಜಿಯ ಮುಖ ಇವತ್ತಿಗೂ ಕಣ್ಣಮುಂದಿದೆ.

ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿಸಿಕೊಂಡು ನಿಮ್ಮ ಊರಿಗೆ ಬರುತ್ತದೆ. ಅಷ್ಟು ದೂರ ಬಂದ ನೀರನ್ನು ಕೊನೆಯ ಮನೆಯ ಬಾಗಿಲಲ್ಲಿ ಕಿತ್ತುಕೊಂಡೆನಲ್ಲ ಅನ್ನುವುದು ನನ್ನ ಸಂಕಟ. ಬೀದಿಯ ನೀರು ನೆಲದಡಿಯ ಸಂಪ್ ತೊಟ್ಟಿಗೆ ತಾನಾಗಿ ಇಳಿಯಲಿ, ಸಂಪಿನಿಂದ ಮೇಲಕ್ಕೆ ಮೋಟರ್ ಎತ್ತಲಿ. ಓನರ್ ಒಪ್ಪದಿದ್ದರೆ ನನಗೆ ಫೋನ್ ಕೊಡು, ನಾನು ಮಾತಾಡುತ್ತೇನೆ.

ಈ ಭಾನುವಾರ ಮೊದಲು ಜಾಲರಿ ಬಿಚ್ಚು. ಬಿಳಿ ಚೂರು ಉದುರಿತೋ, ಮರಳು ಬಂತೋ, ಕೆಂಪು ತುಕ್ಕೋ, ಅಂಗೈಯಲ್ಲಿ ಹಾಕಿಕೊಂಡು ನೋಡಿ ಹೇಳು. ಮಿಕ್ಕಿದ್ದು ಆಮೇಲೆ ಯೋಚಿಸೋಣ.